ಹಳೆಯ ಜೀಪಿನ ಹೆಸರಿಲ್ಲದ ಭಾಗಗಳು

ಎತ್ತಿನ ಬಂಡಿಯಲ್ಲಿ ನಮ್ಮ ಹಿರಿಯರು ಹೆಸರಿಡದೆ ಬಿಟ್ಟ ಭಾಗ ಒಂದಾದರೂ ಉಂಟೇ? ನೊಗ, ಮೂಕಿ, ಅಚ್ಚು, ಗುಂಭ, ಹಳಿ, ಕಡಾಣಿ ಎಂದು ಊರಿನ ಹುಡುಗರೂ ಬೆರಳು ಮಡಿಸಿ ಹೇಳುತ್ತಿದ್ದರು. ಅಚ್ಚಿಗೆ ಸವರುವ ಎಣ್ಣೆಗೂ ಕೀಲೆಣ್ಣೆಯೆಂಬ ಪ್ರತ್ಯೇಕ ಹೆಸರಿತ್ತು. ಕಡಾಣಿ ದಾರಿಯಲ್ಲೆಲ್ಲೋ ಬಿದ್ದುಹೋಯಿತೆಂದು ಕಮ್ಮಾರನಿಗೆ ಹೇಳಿದರೆ ಸಾಕಾಗಿತ್ತು. ಅವನು ಮರುಪ್ರಶ್ನೆ ಕೇಳದೆ ಕುಲುಮೆಯ ಮುಂದೆ ಕುಳಿತುಕೊಳ್ಳುತ್ತಿದ್ದ. ಹೆಸರೊಂದನ್ನು ಹೇಳಿದರೆ ಆಕಾರ, ಅಳತೆ, ಕೆಲಸ ಮೂರನ್ನೂ ಹೇಳಿದಂತೆಯೇ ಆಗುತ್ತಿತ್ತು.

ಬಂಡಿಯ ಜಾಗಕ್ಕೆ ಬಂದ ಜೀಪಿಗೆ ಈ ಭಾಗ್ಯ ಒದಗಲಿಲ್ಲ. ಅದರ ಕೆಲವು ಭಾಗಗಳಿಗೆ ಒಂದೊಂದು ಊರಿನ ಗ್ಯಾರೇಜಿನಲ್ಲಿ ಒಂದೊಂದು ಹೆಸರು. ಉಳಿದವಕ್ಕೆ ಹೆಸರೇ ಇಲ್ಲ. "ಆ ಬಳೆ", "ಈ ಗುಂಡಿ", "ಅದರೊಳಗಿನ ಇನ್ನೊಂದು" ಎಂದರೆ ಮುಗಿಯಿತು. ಗಾಡಿ ಹೊಸದಾಗಿರುವಷ್ಟು ಕಾಲ ಇದರಿಂದ ಅಡ್ಡಿಯಿಲ್ಲ. ಅದಕ್ಕೆ ಐವತ್ತು ಅರವತ್ತು ವರ್ಷ ತುಂಬಿ, ಬಿಚ್ಚಿಟ್ಟ ಭಾಗಗಳು ಗೋಣಿಚೀಲ ಸೇರಿದ ಮೇಲೆ ಕಷ್ಟ ಆರಂಭವಾಗುತ್ತದೆ.

ಕೊಟ್ಟೂರಿನ ತೇರಿಗೆಂದು ಬೆಂಗಳೂರಿನಿಂದ ಬಂದ ಮಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಹಿತ್ತಲಿನ ಬೇವಿನ ಮರದ ಕೆಳಗೆ ತಂದೆಯ ಕಾಲದ ಜೀಪು ನಿಂತಿದೆ. ಅದನ್ನು ಓಡಿಸಬೇಕೆಂಬ ಹುಮ್ಮಸ್ಸು ಅವನಿಗೆ ಬರುತ್ತದೆ. ಗೋಣಿಚೀಲದಿಂದ ಸವೆದ ಕಬ್ಬಿಣದ ತುಂಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಹೊಸಪೇಟೆಯ ಅಂಗಡಿಗೆ ಹೋಗುತ್ತಾನೆ. ಅಲ್ಲಿ ನಡೆಯುವ ಸಂಭಾಷಣೆಯನ್ನು ಊಹಿಸುವುದು ಕಷ್ಟವಲ್ಲ.

"ಇದು ಯಾವುದರದು, ಸಾರ್?"

"ಜೀಪಿಂದು ರೀ."

"ಯಾವ ಜೀಪು?"

"ಹಳೇ ಜೀಪು."

"ಹಳೇದು ಅಂದ್ರೆ ಎಷ್ಟು ಹಳೇದು?"

ಈ ಕಡೆಯ ಪ್ರಶ್ನೆಗೆ ಉತ್ತರ ತಿಳಿಯದವನು ಅಂಗಡಿಯಿಂದ ಎರಡರಲ್ಲಿ ಒಂದನ್ನು ತರುತ್ತಾನೆ: ಬರಿಗೈಯನ್ನು, ಇಲ್ಲವೆ ನೋಡುವುದಕ್ಕೆ ಅದೇ ಎನಿಸುವ ಇನ್ನೊಂದು ಭಾಗವನ್ನು. ಇವೆರಡರಲ್ಲಿ ಬರಿಗೈಯೇ ಮೇಲು. ಏಕೆಂಬುದನ್ನು ತಿಳಿಸುವುದೇ ಈ ವಾರದ ಅಂಕಣದ ಉದ್ದೇಶ.

ಜೀಪು ಒಂದಲ್ಲ, ಒಂದು ವಂಶ

ನಾವು ಜೀಪು ಎಂದು ಏಕವಚನದಲ್ಲಿ ಕರೆಯುವುದು ವಾಸ್ತವವಾಗಿ ಒಂದು ದೊಡ್ಡ ವಂಶವನ್ನು. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದ ಸೇನೆ ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಒಂದು ಹಗುರವಾದ ಗಾಡಿಯನ್ನು ಬಯಸಿತು. 1940ರಲ್ಲಿ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ಆದರೆ ಭಾರಿ ಸಂಖ್ಯೆಯಲ್ಲಿ ತಯಾರಿಸುವ ಅವಕಾಶ ದೊರೆತದ್ದು ವಿಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ವೇಳೆಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರತಂದಿದ್ದವು. ನಕ್ಷೆ ಒಂದೇ, ಆದರೆ ತಯಾರಿಸಿದ ಕೈಗಳು ಹಲವು.

ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ಭಾರತದಲ್ಲಿಯೂ ವಿಲೇವಾರಿಯಾಗಿ ಖಾಸಗಿಯವರ ಕೈಸೇರಿದವು. 1945ರಲ್ಲಿ ಲೂಧಿಯಾನಾದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಸಂಸ್ಥೆ ಹುಟ್ಟಿತು. ದೇಶವಿಭಜನೆಯ ಅನಂತರ ಪಾಲುದಾರರಾದ ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಸಚಿವರಾದರು; ಇಲ್ಲಿ ಉಳಿದ ಸಂಸ್ಥೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಈ ಸಂಸ್ಥೆಯೇ ವಿಲಿಸ್ ಜೀಪಿನ ಭಾಗಗಳನ್ನು ಹಡಗಿನಲ್ಲಿ ತರಿಸಿ ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. 1950ರ ದಶಕದಿಂದ ಮುಂದೆ ಒಂದೊಂದಾಗಿ ಭಾಗಗಳು ಇಲ್ಲಿಯೇ ತಯಾರಾಗತೊಡಗಿದವು.

ಕೊಟ್ಟೂರಿನ ಕಡೆಯ ಜನಕ್ಕೆ ಜೀಪು ಅಪರಿಚಿತವಾಗಿ ಉಳಿಯಲಿಲ್ಲ. 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದಲ್ಲಿದ್ದ ಈ ಸೀಮೆ ಅಂದು ಬಳ್ಳಾರಿಯೊಡನೆ ಮೈಸೂರಿಗೆ ಸೇರಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಒಂದು ಪಕ್ಕದಲ್ಲಿ ತುಂಗಭದ್ರೆಯ ಅಣೆಕಟ್ಟು, ಇನ್ನೊಂದು ಪಕ್ಕದಲ್ಲಿ ಸಂಡೂರಿನ ಅದಿರಿನ ಬೆಟ್ಟಗಳು, ನಡುವೆ ಮಳೆ ಬಿದ್ದರೆ ಚಕ್ರ ಹಿಡಿಯುವ ಎರೆಭೂಮಿ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದ ಮೇಲೆ ಬಿ.ಡಿ.ಓ. ಸಾಹೇಬರ ಜೀಪೆಂದರೆ ಸರ್ಕಾರವೇ ಊರಿಗೆ ಬಂದಂತೆ. ಇಂತಹ ಜೀಪುಗಳು ಮುದಿಯಾದಾಗ ಹರಾಜಾಗುತ್ತಿದ್ದವು. ಕೊಂಡವರು ಕೈಗೆ ಸಿಕ್ಕಿದ ಭಾಗಗಳನ್ನು ಹಾಕಿ ಓಡಿಸಿದರು. ಹೀಗೆ ಒಂದೇ ಗಾಡಿಯಲ್ಲಿ ಮೂರು ಕಾಲದ ಕಬ್ಬಿಣ ಕೂಡಿಕೊಂಡಿತು. ಬೇವಿನ ಮರದ ಕೆಳಗಿನ ಒಗಟಿಗೆ ಇದೇ ಮೂಲ.

ಮೊದಲು ಗಾಡಿಯ ಜಾತಕ

ಆದುದರಿಂದ ಭಾಗವನ್ನು ಗುರುತಿಸುವ ಮುನ್ನ ಗಾಡಿಯನ್ನು ಗುರುತಿಸಬೇಕು. ಆರ್.ಸಿ. ಪುಸ್ತಕದಲ್ಲಿ ತಯಾರಕರ ಹೆಸರು, ವರ್ಷ, ಛಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳಿರುತ್ತವೆ. ಅವು ಗಾಡಿಯ ಮೇಲಿನ ಸಂಖ್ಯೆಗಳಿಗೆ ಹೊಂದುತ್ತವೆಯೇ ಎಂದು ನೋಡುವುದು ಮೊದಲ ಕೆಲಸ. ಹೊಂದದಿದ್ದರೆ ಎಂಜಿನ್ನು ಎಲ್ಲಿಂದಲೋ ಬಂದುದೆಂದು ತಿಳಿಯಬೇಕು.

ಅನಂತರ ಕಣ್ಣಿನ ಕೆಲಸ. ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿ. ಯುದ್ಧಕಾಲದ ಜೀಪಿನ ಒತ್ತುತಗಡಿನ ಜಾಲರಿಯಲ್ಲಿ ಒಂಬತ್ತು ಸೀಳುಗಳಿರುತ್ತವೆ. ಯುದ್ಧಾನಂತರ ನಾಗರಿಕರಿಗಾಗಿ ಬಂದ ವಿಲಿಸ್ ಜೀಪಿನಲ್ಲಿ ಏಳು. ಆದರೆ ಜಾಲರಿಯನ್ನು ಯಾರಾದರೂ ಬದಲಿಸಿರಬಹುದು. ಛಾಸಿಯನ್ನು ಬದಲಿಸುವುದು ಅಷ್ಟು ಸುಲಭವಲ್ಲ. ರೇಡಿಯೇಟರಿನ ಕೆಳಗೆ ಛಾಸಿಯ ಎರಡು ತೊಲೆಗಳನ್ನು ಕೂಡಿಸುವ ಅಡ್ಡಪಟ್ಟಿ ದುಂಡನೆಯ ಕೊಳವೆಯಾಗಿದ್ದರೆ ಅದು ಯುದ್ಧಕಾಲದ ವಿಲಿಸ್. ಬೋರಲು ಹಾಕಿದ ದೋಣಿಯಂತೆ ಚೌಕವಾಗಿದ್ದರೆ ಫೋರ್ಡ್. ಫೋರ್ಡ್ ಕಂಪನಿ ತನ್ನ ಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೂ, ತನ್ನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವಾದ 'ಎಫ್' ಅನ್ನು ಬಳುಕು ಬರವಣಿಗೆಯಲ್ಲಿ ಒತ್ತಿಸುತ್ತಿತ್ತು.

ಬಾನೆಟ್ಟು ಎತ್ತರವಾಗಿ, ಮುಖ ಉದ್ದವಾಗಿ ಕಂಡರೆ ಅದು ಸಿ.ಜೆ. 3ಬಿ ಎಂಬ ಮಾದರಿಯ ವಂಶ. 1953ರಲ್ಲಿ ಬಂದ ಈ ಮಾದರಿಯನ್ನು ಅಮೆರಿಕದಲ್ಲಿ 1968ರಲ್ಲಿ ನಿಲ್ಲಿಸಿದರು. ಭಾರತದಲ್ಲಿ ಅದರ ಸಂತತಿ ಮತ್ತೂ ಹಲವು ದಶಕಗಳ ಕಾಲ ಬೆಳೆಯಿತು. ಬಾನೆಟ್ಟು ಎತ್ತರವಾದುದು ಅಂದಕ್ಕಲ್ಲ. ಹಳೆಯ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಪಕ್ಕದಲ್ಲಿ, ಬ್ಲಾಕಿನಲ್ಲಿಯೇ ಇದ್ದವು. ಹೊಸ ಎಂಜಿನ್ನಿನಲ್ಲಿ ಒಳಸೇರಿಸುವ ವಾಲ್ವುಗಳನ್ನು ಮೇಲಿನ ಹೆಡ್ಡಿಗೆ ಏರಿಸಿದರು. ಎಂಜಿನ್ನು ಎತ್ತರವಾಯಿತು, ಅದರ ಮುಚ್ಚಳವೂ ಏರಿತು. ಎರಡು ಎಂಜಿನ್ನುಗಳ ಸಿಲಿಂಡರಿನ ಅಗಲ ಒಂದೇ, 3⅛ ಅಂಗುಲ. ಪಿಸ್ಟನ್ನಿನ ಓಟವೂ ಒಂದೇ, 4⅜ ಅಂಗುಲ. ಆದರೆ ಹೆಡ್ಡು, ಹೆಡ್ಡಿನ ಗ್ಯಾಸ್ಕೆಟ್ಟು ಬೇರೆ ಬೇರೆ. "ಜೀಪಿನ ಗ್ಯಾಸ್ಕೆಟ್ ಕೊಡಿ" ಎಂದರೆ ಸಾಲದೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸುಲಭದ ಪರೀಕ್ಷೆಯುಂಟು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿಯಿರಿ. ಯುದ್ಧಕಾಲದ ಜೀಪಿನಲ್ಲಿಯೂ ಸಿ.ಜೆ. 3ಬಿಯಲ್ಲಿಯೂ ಇದು 80 ಅಂಗುಲ. 1980ರ ದಶಕದಲ್ಲಿ ಮಹೀಂದ್ರ ತಂದ ಎಂ.ಎಂ. 540ರಲ್ಲಿ ಸುಮಾರು 91 ಅಂಗುಲ. ಅದರ ಡೀಸೆಲ್ ಎಂಜಿನ್ನು ಫ್ರಾನ್ಸಿನ ಪ್ಯೂಜೊ ವಿನ್ಯಾಸದ್ದು. ಸೇನೆಯ ಹರಾಜಿನಲ್ಲಿ ಬಂದ ಜೋಂಗಾ ಎಂಬ ಗಾಡಿ ಈ ವಂಶದ್ದೇ ಅಲ್ಲ. ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಅದು ಜಪಾನಿನ ನಿಸ್ಸಾನ್ ಗಾಡಿಯ ಸಂತಾನ. ದೂರದಿಂದ ಮೂರೂ ಜೀಪುಗಳೇ. ಹತ್ತಿರ ಹೋದರೆ ಒಂದರ ನಟ್ಟು ಇನ್ನೊಂದಕ್ಕೆ ಕೂಡದು.

ಹಲ್ಲು ಎಣಿಸುವ ವಿದ್ಯೆ

ಈಗ ಗೋಣಿಚೀಲಕ್ಕೆ ಬರೋಣ. ಸೀಮೆಎಣ್ಣೆ, ಹಳೆಯ ಬ್ರಷ್ಷು, ಸಹನೆ, ಈ ಮೂರು ಮೊದಲು ಬೇಕು. ಜಿಡ್ಡು ಹೋಗುವವರೆಗೆ ಭಾಗವು ಮಾತನಾಡುವುದಿಲ್ಲ. ಜಿಡ್ಡು ಹೋದ ಮೇಲೆ ಎರಕದ ಸಂಖ್ಯೆ, ಕಂಪನಿಯ ಗುರುತು, ಸವೆತದ ಹೊಳಪು ಎಲ್ಲವೂ ಕಾಣುತ್ತವೆ. ಎಲ್ಲಿ ಹೊಳಪಿದೆಯೋ ಅಲ್ಲಿ ಇನ್ನೊಂದು ಭಾಗ ಉಜ್ಜುತ್ತಿತ್ತು. ಎಲ್ಲಿ ತುಕ್ಕಿದೆಯೋ ಆ ಮುಖ ಹೊರಗಿತ್ತು. ಭಾಗ ಎಲ್ಲಿ ಕುಳಿತಿತ್ತೆಂಬುದಕ್ಕೆ ಇದು ಮೊದಲ ಸಾಕ್ಷಿ.

ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಹಲ್ಲುಗಳದು. ಜೀಪಿನ ಅಚ್ಚಿನ ನಡುವಿನ ಗುಂಡನೆಯ ಹೌಸಿಂಗಿನಲ್ಲಿ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವೂ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವೂ ಇರುತ್ತವೆ. ಯುದ್ಧಕಾಲದ ಜೀಪಿನ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಯುದ್ಧಾನಂತರದ ನಾಗರಿಕ ಜೀಪಿನ ಕ್ರೌನಿಗೆ 43, ಪಿನಿಯನ್ನಿಗೆ ಅದೇ 8. ಮೇಜಿನ ಮೇಲಿಟ್ಟರೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ನಾಲ್ಕು ಹಲ್ಲುಗಳ ವ್ಯತ್ಯಾಸ ಯಾವ ಲೆಕ್ಕದ್ದು ಎಂದು ಅಂಗಡಿಯವನೂ ಹೇಳಿಯಾನು.

ಲೆಕ್ಕ ಹಾಕಿ ನೋಡೋಣ. 39ನ್ನು 8ರಿಂದ ಭಾಗಿಸಿದರೆ 4.875; 43ನ್ನು ಭಾಗಿಸಿದರೆ 5.375. ಚಕ್ರ ಒಂದು ಸುತ್ತು ತಿರುಗಬೇಕಾದರೆ ಪ್ರೊಪೆಲರ್ ಶಾಫ್ಟು ಅಷ್ಟು ಸುತ್ತು ತಿರುಗಬೇಕೆಂದು ಇದರ ಅರ್ಥ. ಮುಂದಿನ ಅಚ್ಚಿನಲ್ಲಿ ಒಂದು, ಹಿಂದಿನ ಅಚ್ಚಿನಲ್ಲಿ ಇನ್ನೊಂದು ಸೇರಿದರೆ ಏನಾಗುತ್ತದೆ? ಮಾಮೂಲು ರಸ್ತೆಯಲ್ಲಿ ಹಿಂದಿನ ಎರಡು ಚಕ್ರಗಳಿಂದ ಮಾತ್ರ ಓಡುವಾಗ ಏನೂ ತಿಳಿಯದು. ವರ್ಷಗಟ್ಟಲೆ ಹಾಗೆಯೇ ಓಡಬಹುದು. ಆದರೆ ಮಳೆಗಾಲದ ಒಂದು ಸಂಜೆ ಎರೆಯ ಕೆಸರಿನಲ್ಲಿ ಗಾಡಿ ಹೂತು, ನಾಲ್ಕು ಚಕ್ರದ ಲಿವರನ್ನು ಎಳೆದ ಕೂಡಲೆ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಬೇಗ ತಿರುಗಲು ಹೊರಡುತ್ತವೆ. ಕೆಸರು ಸ್ವಲ್ಪ ಜಾರಲು ಬಿಡುತ್ತದೆ. ಗಟ್ಟಿನೆಲ ತಲಪಿದಾಗ ಬಿಡುವುದಿಲ್ಲ. ಆಗ ಟೈರು ಉಜ್ಜಿಹೋಗಬೇಕು, ಇಲ್ಲವೆ ಒಳಗಿನ ಕ್ರಾಸೋ ಗೇರೋ ಮುರಿಯಬೇಕು. ಅಂದರೆ ತಪ್ಪು ಭಾಗ ಸುಖದ ದಿನಗಳಲ್ಲಿ ಸುಮ್ಮನಿದ್ದು ಕಷ್ಟದ ದಿನ ಕೈಕೊಡುತ್ತದೆ.

ಹೌಸಿಂಗನ್ನು ಬಿಚ್ಚದೆಯೇ ಇದನ್ನು ಪರೀಕ್ಷಿಸುವ ಉಪಾಯವಿದೆ. ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಳೆಯ ಜೀಪಿನ ಕೈಬ್ರೇಕು ಚಕ್ರವನ್ನಲ್ಲ, ಶಾಫ್ಟನ್ನು ಹಿಡಿಯುತ್ತದೆ. ಆದುದರಿಂದ ಅದನ್ನು ಬಿಡಲೇಬೇಕು, ಕಲ್ಲು ಕೊಡದೆ ಬಿಡಕೂಡದು. ಗೇರುಗಳು ನ್ಯೂಟ್ರಲಿನಲ್ಲಿರಲಿ. ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಆಸರೆ ಕೊಟ್ಟು, ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟಿನ ಗೆರೆ ಎಷ್ಟು ಸುತ್ತು ಬಂದಿತೆಂದು ಇನ್ನೊಬ್ಬರು ಎಣಿಸಲಿ. ಐದಕ್ಕೆ ತುಸು ಕಡಿಮೆಯಾದರೆ 39ರ ಕ್ರೌನು. ಐದೂಕಾಲನ್ನು ತುಸು ಮೀರಿದರೆ 43ರದು. ಅನಂತರದ ಗಾಡಿಗಳಲ್ಲಿ ಬೇರೆ ಲೆಕ್ಕಗಳೂ ಬಂದಿವೆ. ಲೆಕ್ಕ ಯಾವುದೇ ಇರಲಿ, ಮುಂದೆಯೂ ಹಿಂದೆಯೂ ಒಂದೇ ಬಂದರೆ ನಿಶ್ಚಿಂತೆ. ಶಾಲೆಗೆ ಹೋಗುವ ಹುಡುಗರು ಎಣಿಸಬಹುದಾದ ಲೆಕ್ಕವಿದು. ಆದರೆ ಅವರು ಪಕ್ಕದಲ್ಲಿ ನಿಂತು ಎಣಿಸಲಿ, ಗಾಡಿಯ ಕೆಳಗೆ ನುಸುಳುವುದು ಬೇಡ.

ಅಚ್ಚಿನ ಬೆಲೆ

ಅಚ್ಚು ಎಂದರೇನೆಂಬುದನ್ನು ಕೊಟ್ಟೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವದ ದಿನ, ಜನಸಾಗರದ ನಡುವೆ ಸಾಗುತ್ತಿದ್ದ ತೇರು ಉರುಳಿಬಿದ್ದಿತು, ಹಲವರು ಗಾಯಗೊಂಡರು. ಗಾಲಿಯ ಅಚ್ಚು ಮುರಿದುದೇ ಕಾರಣವೆಂದು ಆಗ ವರದಿಯಾಯಿತು. ಮೇಲೆ ಎಷ್ಟೇ ಅಲಂಕಾರವಿರಲಿ, ಗಾಡಿಯೆಂಬುದು ಕಡೆಗೆ ನಿಲ್ಲುವುದು ಕಣ್ಣಿಗೆ ಕಾಣದ ಈ ಒಂದು ಭಾಗದ ಮೇಲೆ.

ತೇರಿನ ಅಚ್ಚು ಭಾರವನ್ನು ಹೊರುತ್ತದೆ. ಜೀಪಿನ ಚಕ್ರದೊಳಗಿನ ಅಚ್ಚಿನ ದಂಡ ಭಾರವನ್ನು ಹೊರುತ್ತದೆಯೋ ಬರಿದೆ ತಿರುಗಿಸುತ್ತದೆಯೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಯುದ್ಧಕಾಲದ ಜೀಪಿನ ಹಿಂದಿನ ಅಚ್ಚಿನಲ್ಲಿ ಭಾರವನ್ನು ಹೊರುವುದು ಹೊರಗಿನ ಕೊಳವೆ. ಒಳಗಿನ ದಂಡದ ಕೆಲಸ ತಿರುಗಿಸುವುದಷ್ಟೇ. ದಂಡ ಮುರಿದರೆ ಗಾಡಿ ನಿಲ್ಲುತ್ತದೆ, ಚಕ್ರ ಕಳಚುವುದಿಲ್ಲ. ಯುದ್ಧಾನಂತರದ ಬಹುತೇಕ ನಾಗರಿಕ ಜೀಪುಗಳಲ್ಲಿ ಹಿಂದಿನ ದಂಡವೇ ಚಕ್ರವನ್ನು ಹಿಡಿದಿರುತ್ತದೆ. ಅದು ಮುರಿದರೆ ಚಕ್ರವೇ ಹೊರಬೀಳಬಹುದು.

ಇವೆರಡನ್ನು ಗುರುತಿಸಲು ಹಿಂದಿನ ಚಕ್ರದ ನಡುವನ್ನು ನೋಡಿದರಾಯಿತು. ಅಲ್ಲಿ ಆರು ಚಿಕ್ಕ ಬೋಲ್ಟುಗಳಿಂದ ಬಿಗಿದ ತಟ್ಟೆಯಿದ್ದು, ಮುಂದಿನ ಚಕ್ರದ ನಡುವಿನಂತೆಯೇ ಕಂಡರೆ ಅದು ಮೊದಲ ಬಗೆ. ನಡುವೆ ಒಂದೇ ದೊಡ್ಡ ನಟ್ಟು, ಅದರ ಕಿಂಡಿಯಲ್ಲಿ ಮಡಿಸಿದ ತಂತಿಕೀಲು ಇದ್ದರೆ ಎರಡನೆಯ ಬಗೆ. ಹಳೆಯ ಬಂಡಿಯ ಕಡಾಣಿ ಮಾಡುತ್ತಿದ್ದ ಕೆಲಸಕ್ಕೆ ಆ ತಂತಿಕೀಲು ಕಾವಲು. ಅದಿಲ್ಲದೆ ಎಂದಿಗೂ ಗಾಡಿಯನ್ನು ಹೊರಡಿಸಬಾರದು. ಈ ಬಗೆಯ ದಂಡವನ್ನು ಗುಜರಿಯಿಂದ ತಂದು ಹಾಕುವುದೂ ತರವಲ್ಲ. ಒಳಗಿನ ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ.

ಮುಂದಿನ ಅಚ್ಚಿನ ಒಗಟು ಇನ್ನೂ ಸ್ವಾರಸ್ಯವಾದುದು. ಚಕ್ರ ತಿರುಗುತ್ತಲೇ ಪಕ್ಕಕ್ಕೆ ಹೊರಳಬೇಕಾದುದರಿಂದ ದಂಡದ ತುದಿಯಲ್ಲಿ ಒಂದು ಕೀಲು ಬೇಕು. ಯುದ್ಧದ ಅವಸರದಲ್ಲಿ ಒಬ್ಬರೇ ತಯಾರಕರಿಂದ ಸಾಕಷ್ಟು ಕೀಲುಗಳು ದೊರೆಯಲಿಲ್ಲ. ಆದುದರಿಂದ ಒಂದೇ ಜೀಪಿಗೆ ನಾಲ್ಕು ಬಗೆಯ ಕೀಲುಗಳು ಬಂದವು. ಕೀಲಿನೊಳಗೆ ಪಂಜರದಲ್ಲಿ ಕುಳಿತ ಆರು ಗುಂಡುಗಳಿದ್ದರೆ ಅದು ರ್‍ಜೆಪ್ಪಾ. ನಾಲ್ಕು ಗುಂಡುಗಳ ನಡುವೆ ಇನ್ನೊಂದು ಗುಂಡಿದ್ದರೆ ಬೆಂಡಿಕ್ಸ್. ಗುಂಡೇ ಇಲ್ಲದೆ ಎರಡು ತುಂಡುಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಟ್ರಾಕ್ಟಾ. ಮಾಮೂಲು ಕ್ರಾಸ್ ಇದ್ದರೆ ಸ್ಪೈಸರ್. ಗೋಣಿಚೀಲದಲ್ಲಿ ಐದು ಉಕ್ಕಿನ ಗುಂಡುಗಳು ಸಿಕ್ಕಿದರೆ ಮಕ್ಕಳ ಗೋಲಿಯಾಟಕ್ಕೆ ಕೊಡಬೇಡಿ; ಅವು ಒಂದು ಇಡೀ ಕೀಲಿನ ಜೀವವಾಗಿರಬಹುದು.

ನಟ್ಟು ಬೋಲ್ಟುಗಳ ವಂಚನೆ

ದೊಡ್ಡ ಭಾಗಗಳಿಗಿಂತ ಹೆಚ್ಚು ಹಾನಿ ಮಾಡುವುದು ಚಿಕ್ಕವು. ಹಳೆಯ ಜೀಪಿನ ಬೋಲ್ಟುಗಳೆಲ್ಲ ಅಂಗುಲದ ಲೆಕ್ಕದವು. ಭಾರತದಲ್ಲಿ 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿ ಬಂದು, ಕ್ರಮೇಣ ಅಂಗಡಿಗಳಲ್ಲಿ ಮಿಲಿಮೀಟರಿನ ಬೋಲ್ಟುಗಳು ತುಂಬಿದವು. 5/16 ಅಂಗುಲವೆಂದರೆ 7.94 ಮಿಲಿಮೀಟರು, 8 ಮಿಲಿಮೀಟರಿನ ಬೋಲ್ಟಿಗೂ ಅದಕ್ಕೂ ಇರುವ ಅಂತರ ಕಣ್ಣಿಗೆ ಕಾಣುವಂತಹುದಲ್ಲ. ಆದರೆ ಮರೆಯ ಸುತ್ತುಗಳ ಅಂತರ ಬೇರೆ. ತಪ್ಪು ಬೋಲ್ಟು ಒಂದೆರಡು ಸುತ್ತು ಸಲೀಸಾಗಿ ಹೋಗಿ ಅನಂತರ ಬಿಗಿಯಾಗುತ್ತದೆ. "ತುಕ್ಕು ಹಿಡಿದಿದೆ" ಎಂದು ಪಾನಾ ಹಾಕಿ ಬಲವಾಗಿ ತಿರುಗಿಸಿದರೆ ಎಂಜಿನ್ ಬ್ಲಾಕಿನ ಮರೆಯೇ ಹಾಳಾಗುತ್ತದೆ. ಕೆಲವು ರೂಪಾಯಿಗಳ ಬೋಲ್ಟು ಸಾವಿರಾರು ರೂಪಾಯಿಗಳ ಎರಕವನ್ನು ಕೆಡಿಸಿದಂತಾಯಿತು. ಬೆರಳಿನಿಂದಲೇ ನಾಲ್ಕೈದು ಸುತ್ತು ಹೋಗದ ಬೋಲ್ಟು ಅಲ್ಲಿಯದಲ್ಲವೆಂದು ತಿಳಿಯುವುದೇ ಕ್ಷೇಮ.

ಇನ್ನೊಂದು ವಂಚನೆ ಚಕ್ರದ ನಟ್ಟಿನದು. ಯುದ್ಧಕಾಲದ ಜೀಪಿನ ಎಡಗಡೆಯ ಚಕ್ರಗಳ ನಟ್ಟುಗಳಿಗೆ ಎಡಮರೆ ಇರುತ್ತದೆ. ಅನಂತರದ ಕೆಲವು ಜೀಪುಗಳಲ್ಲಿಯೂ ಹೀಗೆಯೇ. ಚಕ್ರ ಮುಂದಕ್ಕೆ ಉರುಳುವಾಗ ನಟ್ಟು ತಾನಾಗಿ ಸಡಿಲವಾಗದಿರಲೆಂದು ಈ ಏರ್ಪಾಡು. ಇದನ್ನರಿಯದವರು ಬಿಚ್ಚುತ್ತೇವೆಂದು ಬಿಗಿಮಾಡುತ್ತ ಹೋಗಿ ಕಡೆಗೆ ಸ್ಟಡ್ಡನ್ನೇ ಮುರಿಯುತ್ತಾರೆ. ಸ್ಟಡ್ಡಿನ ತುದಿಯಲ್ಲಿ 'ಎಲ್' ಎಂಬ ಇಂಗ್ಲಿಷ್ ಅಕ್ಷರ ಇದೆಯೇ ಎಂದು ಮೊದಲು ನೋಡಬೇಕು.

ಸಂಖ್ಯೆಗಳು ಹೇಳುವ ಮಾತು

ಹೆಸರುಗಳು ಊರಿಂದೂರಿಗೆ ಬದಲಾಗುತ್ತವೆ, ಸಂಖ್ಯೆಗಳು ಬದಲಾಗುವುದಿಲ್ಲ. ಬೇರಿಂಗು ಇದಕ್ಕೆ ಒಳ್ಳೆಯ ಉದಾಹರಣೆ. ಮಾಮೂಲು ಗುಂಡಿನ ಬೇರಿಂಗಿನ ಅಂಚಿನಲ್ಲಿ 6205 ಎಂದು ಕೊರೆದಿದ್ದರೆ, ಕಡೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿ. ಒಳರಂಧ್ರ 25 ಮಿಲಿಮೀಟರೆಂದು ತಿಳಿಯುತ್ತದೆ. ಕಡೆಯ ಅಂಕಿಗಳು 04 ಅಥವಾ ಅದಕ್ಕಿಂತ ಹೆಚ್ಚಾಗಿದ್ದಾಗ ಈ ಸೂತ್ರ ಸಲ್ಲುತ್ತದೆ. ಜೀಪಿನ ಚಕ್ರದಲ್ಲಿರುವುದು ಓರೆರೋಲರಿನ ಬೇರಿಂಗು. ಅದಕ್ಕೆ ಒಳಭಾಗ ಒಂದು, ಹೊರಬಟ್ಟಲು ಇನ್ನೊಂದು, ಎರಡಕ್ಕೂ ಬೇರೆ ಬೇರೆ ಸಂಖ್ಯೆ. ಟಿಮ್ಕನ್ ಪಟ್ಟಿಯಲ್ಲಿ ಯುದ್ಧಕಾಲದ ಜೀಪಿನ ಚಕ್ರಕ್ಕೆ 18590 ಮತ್ತು 18520. ಈ ಎರಡು ಸಂಖ್ಯೆಗಳನ್ನು ಹೇಳಿದರೆ ಜೀಪನ್ನೇ ಕಾಣದ ಅಂಗಡಿಯವರೂ ಹುಡುಕಿಕೊಡಬಲ್ಲರು.

ಆಯಿಲ್ ಸೀಲಿನ ಮೇಲೆ ಸಾಮಾನ್ಯವಾಗಿ ಮೂರು ಅಳತೆಗಳಿರುತ್ತವೆ: ಒಳಗಿನ ವ್ಯಾಸ, ಹೊರಗಿನ ವ್ಯಾಸ, ದಪ್ಪ. ಪಿಸ್ಟನ್ನಿನ ತಲೆಯ ಮೇಲೆ 020 ಅಥವಾ 040 ಎಂದಿದ್ದರೆ, ಸಿಲಿಂಡರನ್ನು ಒಮ್ಮೆ ಕೊರೆದು ಅಂಗುಲದ ಸಾವಿರದಲ್ಲಿ ಇಪ್ಪತ್ತೋ ನಲವತ್ತೋ ಪಾಲು ಅಗಲಿಸಿದ್ದಾರೆಂದು ಅರ್ಥ. ಅಂತಹ ಎಂಜಿನ್ನಿಗೆ ಮೂಲ ಅಳತೆಯ ರಿಂಗು ತಂದರೆ ಹಣ ದಂಡ. ವಿದ್ಯುತ್ತಿನ ಭಾಗಗಳಿಗೂ ಈ ಎಚ್ಚರ ಬೇಕು. ಯುದ್ಧಕಾಲದ ಜೀಪು 6 ವೋಲ್ಟಿನದು. ಅನೇಕವನ್ನು ಅನಂತರ 12 ವೋಲ್ಟಿಗೆ ಬದಲಿಸಿದ್ದಾರೆ. ಹಳೆಯ ಬಗೆಯ ಬ್ಯಾಟರಿಯ ಮುಚ್ಚಳಗಳನ್ನು ಎಣಿಸಿ: ಮೂರಿದ್ದರೆ 6 ವೋಲ್ಟು, ಆರಿದ್ದರೆ 12. ಗೋಣಿಚೀಲದ ಡೈನಮೋ, ಕಾಯಿಲು, ಬಲ್ಬುಗಳು ಯಾವ ಕಾಲದವೆಂದು ನೋಡದೆ ತಂತಿ ಕೂಡಿಸಿದರೆ ಹೊಗೆ ಬಂದೀತು.

ಯುದ್ಧಕಾಲದ ಜೀಪಿಗೆ ಅಮೆರಿಕದ ಸೇನೆ ಮಾಡಿದ ಭಾಗಗಳ ಪಟ್ಟಿಗೆ ಜಿ-503 ಎಂದು ಹೆಸರು. ಪ್ರತಿಯೊಂದು ಬಳೆ, ಬಿಲ್ಲೆ, ಕೀಲನ್ನೂ ಚಿತ್ರಸಹಿತ ಬಿಡಿಸಿ ತೋರಿಸಿ ವಿಲಿಸ್ ಸಂಖ್ಯೆಯನ್ನೂ ಫೋರ್ಡ್ ಸಂಖ್ಯೆಯನ್ನೂ ಕೊಟ್ಟಿರುವ ಆ ಪುಸ್ತಕದ ಮರುಮುದ್ರಣಗಳು ದೊರೆಯುತ್ತವೆ. ಇಂಗ್ಲಿಷ್ ಬಾರದವರಿಗೂ ಚಿತ್ರಗಳು ಅರ್ಥವಾಗುತ್ತವೆ. ಬಂಡಿಯ ಭಾಗಗಳಿಗೆ ನಮ್ಮ ಹಿರಿಯರು ಮಾಡಿದ ಕೆಲಸವನ್ನು ಜೀಪಿಗೆ ಈ ಪುಸ್ತಕ ಮಾಡಿದೆ ಎನ್ನಬಹುದು.

ಅಂಗಡಿಗೆ ಹೋಗುವ ಮುನ್ನ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ, ಮದರಾಸಿನ ಪುದುಪೇಟೆ, ದೆಹಲಿಯ ಮಾಯಾಪುರಿ, ಇವೆಲ್ಲ ಹಳೆಯ ಗಾಡಿಯವರ ಕ್ಷೇತ್ರಗಳು. ಅಲ್ಲಿಗೆ ಹೋಗುವವರು ಹಳೆಯ ಭಾಗವನ್ನೇ ಕೊಂಡೊಯ್ಯಬೇಕು. ಅದು ಸಾಧ್ಯವಿಲ್ಲದಿದ್ದರೆ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಮೂರು ಕಡೆಯಿಂದ ತೆಗೆದ ಚಿತ್ರ, ಹಲ್ಲುಗಳ ಸಂಖ್ಯೆ, ವ್ಯಾಸ, ಎರಕದ ಸಂಖ್ಯೆಗಳನ್ನು ಬರೆದ ಚೀಟಿ ಇರಲಿ. ತಂದ ಹೊಸ ಭಾಗವನ್ನು ಹಳೆಯದರ ಪಕ್ಕದಲ್ಲಿಟ್ಟು ಮತ್ತೊಮ್ಮೆ ಎಣಿಸಿ. ಹೊಸದು ಕುಳಿತು ಗಾಡಿ ಓಡುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಬ್ರೇಕು ಮತ್ತು ಸ್ಟಿಯರಿಂಗಿನ ಭಾಗಗಳಲ್ಲಿ ಮಾತ್ರ "ಹೆಚ್ಚುಕಡಿಮೆ ಕೂಡುತ್ತದೆ" ಎಂಬ ಮಾತಿಗೆ ಎಡೆಯೇ ಇಲ್ಲ. ಸರಿಯಾದುದು ಸಿಕ್ಕುವವರೆಗೆ ಗಾಡಿ ಬೇವಿನ ಮರದ ಕೆಳಗೆ ನಿಂತಿರಲಿ. ಇಷ್ಟು ವರ್ಷ ನಿಂತಿದೆ, ಇನ್ನೊಂದು ತಿಂಗಳು ನಿಂತರೆ ನಷ್ಟವಿಲ್ಲ.

ಸರಿಯಾದ ಭಾಗವನ್ನು ಹುಡುಕುವುದಕ್ಕೆ ಈಗ ಇನ್ನೊಂದು ಕಾರಣವೂ ಇದೆ. ಐವತ್ತು ವರ್ಷ ಮೀರಿದ, ಬಾಡಿಗೆಗೆ ಬಳಸದ ಗಾಡಿಗಳನ್ನು ಪ್ರಾಚೀನ ವಾಹನಗಳೆಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಅಂತಹವಕ್ಕೆ ವಿ.ಎ. ಎಂಬ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ. ಅವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಛಾಸಿ, ಒಡಲು, ಎಂಜಿನ್ನುಗಳು ಮೂಲರೂಪದಲ್ಲಿಯೇ ಇರಬೇಕು. ಸಿಕ್ಕಿದ್ದನ್ನೆಲ್ಲ ಸೇರಿಸಿದ ಗಾಡಿ ಓಡಬಹುದು. ಆದರೆ ತಾನು ಯಾರೆಂದು ಹೇಳಿಕೊಳ್ಳಲಾರದು.

ಕಡೆಯದಾಗಿ ಒಂದು ಮಾತು. ಗೋಣಿಚೀಲದಿಂದ ಯಾವ ತುಂಡನ್ನು ಎತ್ತಿದರೂ ಬೆರಳಿನಿಂದ ತಡವಿಯೇ ಗುರುತು ಹೇಳಬಲ್ಲ ಮೇಸ್ತ್ರಿಗಳು ಊರೂರಿನಲ್ಲಿದ್ದರು. ಕೆಲವರು ಈಗಲೂ ಇದ್ದಾರೆ, ಆದರೆ ಕೈ ನಡುಗುವ ವಯಸ್ಸು. ಅವರು ಬಲ್ಲುದು ಯಾವ ಪಟ್ಟಿಯಲ್ಲಿಯೂ ಇಲ್ಲ: ಯಾವ ಗಾಡಿಯ ಕ್ರೌನು ಯಾವಾಗ ಬದಲಾಯಿತು, ಯಾವ ಎಂಜಿನ್ನು ಎಷ್ಟು ಬಾರಿ ಕೊರೆಸಿಕೊಂಡಿತು, ಹರಾಜಿನಲ್ಲಿ ಬಂದಾಗ ಅದರಲ್ಲಿ ಏನಿತ್ತು, ಏನಿರಲಿಲ್ಲ. ಊರಿಗೆ ಹೋದಾಗ ಅಂತಹವರೊಬ್ಬರನ್ನು ಮನೆಗೆ ಕರೆದು, ಮಂಡಕ್ಕಿ ಮಿರ್ಚಿ ಚಹಾ ಕೊಟ್ಟು, ಗೋಣಿಚೀಲವನ್ನು ಅವರ ಮುಂದೆ ಸುರಿಯಿರಿ. ಅವರು ಹೇಳಿದ್ದನ್ನು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಂದೊಂದು ಭಾಗಕ್ಕೂ ಒಂದೊಂದು ಚೀಟಿ ಕಟ್ಟಿ: ಎಲ್ಲಿಯದು, ಅಳತೆಯೇನು, ಹಲ್ಲೆಷ್ಟು, ಯಾವ ವರ್ಷ ತಂದದ್ದು. ಆ ನೋಟ್‌ಬುಕ್ಕನ್ನು ಆರ್.ಸಿ. ಪುಸ್ತಕದ ಜೊತೆಯಲ್ಲಿಯೇ ಇಡಿ. ಮುಂದೆ ಜೀಪು ಮಗನ ಕೈಗೆ ಹೋದರೂ ಮಾರಿದವರ ಕೈಗೆ ಹೋದರೂ ಆ ಪುಸ್ತಕವೂ ಅದರೊಡನೆ ಹೋಗಲಿ.